ಕೋಳಿ, ಬಾತು ಮೊಟ್ಟೆ ಒಂದೇ ಪೆಟ್ಟಿಗೆಯಲ್ಲಿ: ಬಾತಿಗೆ ಒಂದು ವಾರ ಮುಂಚೆ ಜಾಗ ಕೊಡಿ

ಪ್ರಶ್ನೆ: ಮನೆಯಲ್ಲಿ 48 ಮೊಟ್ಟೆ ಹಿಡಿಸುವ ಸಣ್ಣ ಇನ್‌ಕ್ಯುಬೇಟರ್ ಇದೆ. ಇದುವರೆಗೆ ಕೋಳಿ ಮೊಟ್ಟೆ ಮಾತ್ರ ಇಟ್ಟು ಮರಿ ಮಾಡಿಸಿದ್ದೇನೆ. ಈ ಬಾರಿ ಬಾತುಕೋಳಿ ಮೊಟ್ಟೆಗಳೂ ಸಿಕ್ಕಿವೆ. ಎರಡನ್ನೂ ಒಟ್ಟಿಗೆ ಇಡಬಹುದೇ? ಕೋಳಿಗೆ 21 ದಿನ, ಬಾತಿಗೆ 28 ದಿನ ಎಂದು ಗೊತ್ತು. ಬಾತು ಮೊಟ್ಟೆಗೆ ತೇವ ಹೆಚ್ಚು ಬೇಕು, ದಿನವೂ ನೀರು ಚಿಮುಕಿಸಬೇಕು ಎಂದು ಕೆಲವರು ಹೇಳುತ್ತಾರೆ. ಹಾಗೆ ಮಾಡಿದರೆ ಕೋಳಿ ಮೊಟ್ಟೆ ಕೆಡುವುದಿಲ್ಲವೇ? ಮರಿಗಳಾದ ಮೇಲೆ ಎರಡನ್ನೂ ಒಟ್ಟಿಗೇ ಸಾಕಬಹುದೇ?

ಉತ್ತರ: ಒಂದೇ ಪೆಟ್ಟಿಗೆಯಲ್ಲಿ ಖಂಡಿತ ಇಡಬಹುದು. ಆದರೆ ಒಂದೇ ದಿನ ಇಡಬೇಡಿ. ಬಾತು ಮೊಟ್ಟೆಗಳನ್ನು ಮೊದಲು ಇಡಿ, ಸರಿಯಾಗಿ ಏಳು ದಿನಗಳ ನಂತರ ಕೋಳಿ ಮೊಟ್ಟೆಗಳನ್ನು ಸೇರಿಸಿ. ನಿಮ್ಮ ಪ್ರಶ್ನೆಯಲ್ಲಿರುವ ತೊಡಕುಗಳಲ್ಲಿ ಹೆಚ್ಚಿನವು ಇದೊಂದರಿಂದಲೇ ಬಿಡಿಸಿಕೊಳ್ಳುತ್ತವೆ.

ಎರಡಕ್ಕೂ ಬೇಕಾದ ಶಾಖ ಒಂದೇ. ಫ್ಯಾನ್ ಇರುವ ಪೆಟ್ಟಿಗೆಯಲ್ಲಿ 37.5 ಡಿಗ್ರಿ ಸೆಲ್ಸಿಯಸ್ ಕೋಳಿಗೂ ಒಪ್ಪುತ್ತದೆ, ಬಾತಿಗೂ ಒಪ್ಪುತ್ತದೆ. ಎರಡನ್ನೂ ದಿನಕ್ಕೆ ಹಲವು ಬಾರಿ ಹೊರಳಿಸಬೇಕು, ಎರಡಕ್ಕೂ ಗಾಳಿಯಾಡಬೇಕು. ವ್ಯತ್ಯಾಸ ಬರುವುದು ಕೊನೆಯ ಮೂರು ದಿನಗಳಲ್ಲಿ. ಕೋಳಿ ಮೊಟ್ಟೆಯನ್ನು 18ನೇ ದಿನದಿಂದ, ಬಾತು ಮೊಟ್ಟೆಯನ್ನು 25ನೇ ದಿನದಿಂದ ಹೊರಳಿಸುವಂತಿಲ್ಲ. ಅಲ್ಲಿಂದ ಮುಂದೆ ಪೆಟ್ಟಿಗೆಯೊಳಗಿನ ತೇವಾಂಶ ಶೇ 70ರ ಆಸುಪಾಸಿಗೆ ಏರಬೇಕು, ಮುಚ್ಚಳ ತೆರೆಯಬಾರದು. ಎರಡನ್ನೂ ಒಂದೇ ದಿನ ಇಟ್ಟಿರೆಂದುಕೊಳ್ಳಿ. ಕೋಳಿ ಮರಿಗಳು ಹೊರಬರುವ ಹೊತ್ತಿಗೆ ಬಾತು ಮೊಟ್ಟೆ ಇನ್ನೂ 21ನೇ ದಿನದಲ್ಲಿರುತ್ತದೆ. ಅದಕ್ಕೆ ಹೊರಳಾಟವೂ ಬೇಕು, ಹದವಾಗಿ ಒಣಗುವುದೂ ಬೇಕು. ನೀವು ಕೋಳಿಗಾಗಿ ಎರಡನ್ನೂ ನಿಲ್ಲಿಸಿರುತ್ತೀರಿ. ಜೊತೆಗೆ ಮರಿ ಒಡೆದಾಗ ಹರಡುವ ಪುಕ್ಕದ ಪುಡಿ, ಹಿಕ್ಕೆ, ಚಿಪ್ಪಿನೊಳಗಿನ ಲೋಳೆ ಎಲ್ಲವೂ ಶಾಖ ಮತ್ತು ತೇವ ಎರಡೂ ಇರುವ ಆ ಪೆಟ್ಟಿಗೆಯಲ್ಲೇ ಉಳಿಯುತ್ತವೆ. ಬ್ಯಾಕ್ಟೀರಿಯಾ ಬೆಳೆಯಲು ಇದಕ್ಕಿಂತ ಒಳ್ಳೆಯ ಜಾಗ ಬೇಕಿಲ್ಲ. ಅದರ ನಡುವೆ ಬಾತು ಮೊಟ್ಟೆ ಇನ್ನೊಂದು ವಾರ ಕಳೆಯಬೇಕು.

ಏಳು ದಿನ ಅಂತರವಿಟ್ಟರೆ ಬಾತಿನ 25ನೇ ದಿನವೂ ಕೋಳಿಯ 18ನೇ ದಿನವೂ ಒಂದೇ ದಿನ ಬೀಳುತ್ತವೆ. ಭಾನುವಾರ ಬಾತು ಮೊಟ್ಟೆ ಇಟ್ಟು ಮುಂದಿನ ಭಾನುವಾರ ಕೋಳಿ ಮೊಟ್ಟೆ ಸೇರಿಸಿದರೆ, ಕೋಳಿ ಮೊಟ್ಟೆ ಸೇರಿಸಿದ ಮೂರನೇ ವಾರದ ಗುರುವಾರ ಎರಡನ್ನೂ ಹೊರಳಿಸುವುದು ನಿಲ್ಲಿಸಿ, ನೀರು ಹೆಚ್ಚಿಸಿ, ಮುಚ್ಚಳ ಭದ್ರ ಮಾಡುತ್ತೀರಿ. ಆ ಭಾನುವಾರ ಎರಡೂ ಒಡೆಯುತ್ತವೆ. ಎಣಿಸುವಾಗ ಮೊಟ್ಟೆ ಇಟ್ಟ ದಿನವನ್ನು ಸೊನ್ನೆ ಎಂದು ಹಿಡಿಯಿರಿ. ಅದನ್ನೇ ಒಂದು ಎಂದು ಎಣಿಸಿ ಒಂದು ದಿನ ಮೊದಲೇ ಗಾಬರಿಯಾಗುವವರು ಬಹಳ ಮಂದಿ. ಪ್ರತಿ ಮೊಟ್ಟೆಯ ಮೇಲೆ ಇಟ್ಟ ತಾರೀಖನ್ನು ಪೆನ್ಸಿಲಿನಲ್ಲಿ ಬರೆಯಿರಿ. ಚಿಪ್ಪಿಗೆ ರಂಧ್ರಗಳಿರುವುದರಿಂದ ಪೆನ್ನು, ಮಾರ್ಕರ್ ಬೇಡ.

ಇಲ್ಲೊಂದು ಎಚ್ಚರಿಕೆ. 28 ದಿನದ ಲೆಕ್ಕ ಪೆಕಿನ್, ಖಾಕಿ ಕ್ಯಾಂಪ್‌ಬೆಲ್, ಇಂಡಿಯನ್ ರನ್ನರ್‌ನಂಥ ಸಾಮಾನ್ಯ ಬಾತುಗಳಿಗೆ. ಮುಖದ ಮೇಲೆ ಕೆಂಪು ಗಂಟುಗಂಟಾದ ಚರ್ಮವಿರುವ ಮಸ್ಕೊವಿ ಬಾತು ಬೇರೆಯೇ ಜಾತಿ, ಅದರ ಮೊಟ್ಟೆಗೆ ಸುಮಾರು 35 ದಿನ ಬೇಕು. ಮೊಟ್ಟೆ ಕೊಟ್ಟವರನ್ನು ಇದನ್ನು ಕೇಳದೆ ಇಡಬೇಡಿ. ಮಸ್ಕೊವಿ ಆದರೆ ಕೋಳಿಗಿಂತ ಎರಡು ವಾರ ಮುಂಚೆ ಇಡಬೇಕು.

ಕೋಳಿ ಮೊಟ್ಟೆಗಳು ಈಗಾಗಲೇ ಕೈಯಲ್ಲಿವೆ, ಒಂದು ವಾರ ಏನು ಮಾಡುವುದು ಎಂಬ ಯೋಚನೆ ನಿಮಗೆ ಬಂದಿರಬಹುದು. ಹೊಸ ಮೊಟ್ಟೆಗಳನ್ನು ಒಂದು ವಾರದವರೆಗೆ ತಂಪಾದ ಜಾಗದಲ್ಲಿ, 13ರಿಂದ 16 ಡಿಗ್ರಿಯಲ್ಲಿ, ಚೂಪು ತುದಿ ಕೆಳಗಾಗಿ ಇಡಬಹುದು. ಅದಕ್ಕಿಂತ ಹೆಚ್ಚು ದಿನ ಇಟ್ಟಷ್ಟೂ ಮರಿಯಾಗುವ ಪ್ರಮಾಣ ಇಳಿಯುತ್ತದೆ. ನಿಮ್ಮದೇ ಕೋಳಿಗಳಿದ್ದರೆ ಇನ್ನೂ ಸುಲಭ: ಇರುವ ಮೊಟ್ಟೆಗಳನ್ನು ಅಡುಗೆಗೆ ಬಳಸಿ, ಬಾತು ಮೊಟ್ಟೆ ಪೆಟ್ಟಿಗೆಯಲ್ಲಿ ಕಳೆಯುವ ಮೊದಲ ವಾರದಲ್ಲೇ ಕೋಳಿಯ ತಾಜಾ ಮೊಟ್ಟೆಗಳನ್ನು ಸೇರಿಸಿಟ್ಟುಕೊಳ್ಳಿ.

ಈಗ ತೇವದ ವಿಷಯ. ನಿಮ್ಮ ಆತಂಕ ಇಲ್ಲಿಯೇ ಇದೆ, ಕೈತಪ್ಪುವುದೂ ಹೆಚ್ಚಾಗಿ ಇಲ್ಲಿಯೇ. ಕಾವಿನಲ್ಲಿರುವ ಮೊಟ್ಟೆಯಿಂದ ನೀರು ಆವಿಯಾಗಿ ಹೋಗುತ್ತಲೇ ಇರಬೇಕು. ಹೋದಷ್ಟೂ ದಪ್ಪ ತುದಿಯಲ್ಲಿರುವ ಗಾಳಿಗೂಡು ದೊಡ್ಡದಾಗುತ್ತದೆ, ಮರಿ ತನ್ನ ಮೊದಲ ಉಸಿರನ್ನು ಎಳೆಯುವುದು ಆ ಗೂಡಿನಿಂದ. ತೇವ ಹೆಚ್ಚಾದರೆ ಗಾಳಿಗೂಡು ಚಿಕ್ಕದಾಗಿ, ಉಬ್ಬಿದ ಮರಿ ಚಿಪ್ಪಿನೊಳಗೆ ತಿರುಗಲಾಗದೆ ಒಡೆಯುವ ಹೊತ್ತಿನಲ್ಲಿ ಸಾಯುತ್ತದೆ. ಕಡಿಮೆಯಾದರೆ ಒಳಪೊರೆ ಒಣಗಿ ಮರಿಯ ಮೈಗೆ ಅಂಟಿಕೊಳ್ಳುತ್ತದೆ. ಕೋಳಿ ಮೊಟ್ಟೆ 18 ದಿನಗಳಲ್ಲಿ ತನ್ನ ತೂಕದ ಸುಮಾರು ಶೇ 12ರಷ್ಟನ್ನು, ಬಾತು ಮೊಟ್ಟೆ 25 ದಿನಗಳಲ್ಲಿ ಸುಮಾರು ಶೇ 13ರಷ್ಟನ್ನು ಕಳೆದುಕೊಳ್ಳಬೇಕು. 60 ಗ್ರಾಂ ತೂಗುವ ಕೋಳಿ ಮೊಟ್ಟೆಗೆ ಇದು ದಿನಕ್ಕೆ 0.4 ಗ್ರಾಂ. 75 ಗ್ರಾಂ ತೂಗುವ ಬಾತು ಮೊಟ್ಟೆಗೂ ಹೆಚ್ಚುಕಡಿಮೆ ಅಷ್ಟೇ. ಹಾಗಾಗಿ ಈ ಹಂತದಲ್ಲಿ ಎರಡರ ನಡುವೆ ಜನ ಹೇಳುವಷ್ಟು ಜಗಳವಿಲ್ಲ. ಶೇ 50ರಿಂದ 55ರ ತೇವಾಂಶದಿಂದ ಶುರುಮಾಡಿ.

ಶುರುಮಾಡಿ ಎನ್ನುತ್ತಿದ್ದೇನೆ, ಏಕೆಂದರೆ ತೇವಾಂಶದ ಮೀಟರನ್ನು ನಾನು ಪೂರ್ತಿ ನಂಬುವುದಿಲ್ಲ. ಸಣ್ಣ ಪೆಟ್ಟಿಗೆಗಳ ಜೊತೆ ಬರುವವು ಹತ್ತು ಅಂಕ ಆಚೀಚೆ ತೋರಿಸಿದರೂ ಆಶ್ಚರ್ಯವಿಲ್ಲ. ತಕ್ಕಡಿ ಸುಳ್ಳು ಹೇಳುವುದಿಲ್ಲ. ಅಡುಗೆಮನೆಯ ಡಿಜಿಟಲ್ ತಕ್ಕಡಿಯೇ ಸಾಕು. ಹತ್ತು ಬಾತು ಮೊಟ್ಟೆಗಳನ್ನು ಒಟ್ಟಿಗೆ ತೂಗಿ ಬರೆದಿಡಿ. 750 ಗ್ರಾಂ ಇದ್ದರೆ ಏಳನೇ ದಿನಕ್ಕೆ ಸುಮಾರು 723 ಗ್ರಾಂ ಆಗಿರಬೇಕು. 715ಕ್ಕೆ ಇಳಿದಿದ್ದರೆ ಪೆಟ್ಟಿಗೆ ಒಣಗಿದೆ, ನೀರಿನ ತಟ್ಟೆಯನ್ನು ಅಗಲ ಮಾಡಿ. 730ರಲ್ಲೇ ನಿಂತಿದ್ದರೆ ತೇವ ಹೆಚ್ಚಾಗಿದೆ, ತಟ್ಟೆ ಕಿರಿದಾಗಲಿ. ತೇವಾಂಶವನ್ನು ನಿರ್ಧರಿಸುವುದು ನೀರಿನ ಆಳವಲ್ಲ, ಅದರ ಮೇಲ್ಮೈ ಎಷ್ಟು ಅಗಲವಿದೆ ಎಂಬುದು. ಬಾತನ್ನು ಮೊದಲು ಇಡುವುದರ ಇನ್ನೊಂದು ಲಾಭ ಇಲ್ಲಿ ಕಾಣುತ್ತದೆ. ಕೋಳಿ ಮೊಟ್ಟೆಗಳು ಒಳಗೆ ಬರುವ ದಿನಕ್ಕೆ ನಿಮ್ಮ ಪೆಟ್ಟಿಗೆ ಎಷ್ಟು ಒಣಗಿಸುತ್ತದೆ ಎಂಬುದು ನಿಮಗೆ ತಕ್ಕಡಿಯಿಂದಲೇ ತಿಳಿದಿರುತ್ತದೆ. ಆಮೇಲೆ ಕೋಳಿ ಮೊಟ್ಟೆಗಳನ್ನೂ ಹೀಗೇ ತೂಗಿ: 600 ಗ್ರಾಂ ಇದ್ದ ಹತ್ತು ಮೊಟ್ಟೆ ಒಂಬತ್ತನೇ ದಿನಕ್ಕೆ 564ರ ಹತ್ತಿರ, 18ಕ್ಕೆ 528ರ ಹತ್ತಿರ ಇರಬೇಕು.

ನೀರು ಚಿಮುಕಿಸುವ ಪದ್ಧತಿ ಬಾತುಗಳ ವಿಷಯದಲ್ಲಿ ಹಳೆಯದು. ಕಾವು ಕೂತ ಹೆಣ್ಣು ಬಾತು ದಿನಕ್ಕೊಮ್ಮೆ ಎದ್ದು ಹೋಗಿ ಒದ್ದೆ ರೆಕ್ಕೆಯಲ್ಲಿ ಮರಳುತ್ತದೆ, ಅದನ್ನು ಅನುಸರಿಸುವ ಯತ್ನ ಇದು. ಆದರೆ ಇದರಿಂದ ಮೊಟ್ಟೆಯೊಳಗೆ ನೀರು ಸೇರುತ್ತದೆ ಎಂಬ ತಿಳಿವಳಿಕೆ ತಪ್ಪು. ಚಿಪ್ಪಿನ ಮೇಲಿನ ನೀರು ಆರುವಾಗ ಮೊಟ್ಟೆ ತಣ್ಣಗಾಗುತ್ತದೆ, ಅಷ್ಟೇ. ದೊಡ್ಡ ಮೊಟ್ಟೆ, ಒಳಗೆ ಬೆಳೆದ ಭ್ರೂಣ ತಾನೇ ಶಾಖ ಉತ್ಪಾದಿಸುವುದರಿಂದ ಕಾವಿನ ಎರಡನೇ ಭಾಗದಲ್ಲಿ ದಿನಕ್ಕೊಮ್ಮೆ ಸ್ವಲ್ಪ ತಣಿಯುವುದು ಬಾತಿಗೆ ಒಳ್ಳೆಯದೇ. ಮಾಡುವುದಾದರೆ ಎಂಟನೇ ದಿನದ ನಂತರ ಬಾತು ಮೊಟ್ಟೆಗಳನ್ನು ಮಾತ್ರ ಹೊರಗೆ ತೆಗೆದು, ಕೋಳಿ ಮೊಟ್ಟೆಗಳ ಮೇಲೆ ತಕ್ಷಣ ಮುಚ್ಚಳ ಮುಚ್ಚಿ. ಹತ್ತು ಹದಿನೈದು ನಿಮಿಷ ಬಿಡಿ. ಮೊಟ್ಟೆಯನ್ನು ಮುಚ್ಚಿದ ಕಣ್ಣಿನ ರೆಪ್ಪೆಗೆ ತಾಗಿಸಿದರೆ ಬಿಸಿಯೂ ಅನ್ನಿಸಬಾರದು, ತಣ್ಣಗೂ ಅನ್ನಿಸಬಾರದು. ಅಷ್ಟು ಹೊತ್ತಿಗೆ ಕುದಿಸಿ ಆರಿಸಿದ ಉಗುರುಬೆಚ್ಚಗಿನ ನೀರನ್ನು ತೆಳುವಾಗಿ ಚಿಮುಕಿಸಿ ಒಳಗಿಡಿ. ವಾರಗಟ್ಟಲೆ ನೀರು ನಿಂತ ಸ್ಪ್ರೇ ಬಾಟಲಿ ಉಪಯೋಗಿಸಿದರೆ ರೋಗಾಣುಗಳನ್ನು ಕೈಯಾರೆ ಸಿಂಪಡಿಸಿದಂತೆ. 25ನೇ ದಿನಕ್ಕೆ ಇದನ್ನು ನಿಲ್ಲಿಸಿ. ಚಿಮುಕಿಸದೆಯೂ ಬಾತು ಮರಿಗಳು ಚೆನ್ನಾಗಿಯೇ ಆಗುತ್ತವೆ, ಆದ್ದರಿಂದ ದಿನವೂ ಬಿಡುವು ಸಿಗದಿದ್ದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಕೋಳಿ ಮೊಟ್ಟೆಗೆ ಇದರ ಅಗತ್ಯವೇ ಇಲ್ಲ.

ನಿಜ ಹೇಳಬೇಕೆಂದರೆ ಬಾತು ಮೊಟ್ಟೆಯಿಂದ ಕೋಳಿ ಮೊಟ್ಟೆಗೆ ಅಪಾಯ ಬರುವುದು ತೇವದಿಂದಲ್ಲ, ಕೊಳೆಯಿಂದ. ಬಾತು ಕೆಸರು ಕಾಲಿನಲ್ಲೇ ಗೂಡಿಗೆ ಬರುತ್ತದೆ, ಎಷ್ಟೋ ಸಲ ಗೂಡಿಲ್ಲದೆ ಒದ್ದೆ ನೆಲದಲ್ಲೇ ಮೊಟ್ಟೆ ಇಡುತ್ತದೆ. ಆ ಮೊಟ್ಟೆ 28 ದಿನ 37.5 ಡಿಗ್ರಿಯಲ್ಲಿ ಕುಳಿತರೆ ಚಿಪ್ಪಿನ ರಂಧ್ರದಿಂದ ಒಳಹೊಕ್ಕ ಬ್ಯಾಕ್ಟೀರಿಯಾ ಅನಿಲ ತುಂಬಿಸಿ ಅದನ್ನು ಸಿಡಿಸಬಹುದು. ಒಂದು ಸಿಡಿದರೆ ಸುತ್ತಲಿನ ಮೊಟ್ಟೆಗಳಿಗೆಲ್ಲ ಕೊಳೆತ ರಸ ಮೆತ್ತಿಕೊಳ್ಳುತ್ತದೆ. ಆದ್ದರಿಂದ ಹಿಕ್ಕೆ ಮೆತ್ತಿದ ಮೊಟ್ಟೆಯನ್ನು ಆರಿಸಲೇಬೇಡಿ. ಸ್ವಲ್ಪ ಮಣ್ಣು ತಾಗಿದ್ದರೆ ಒಣ ಬ್ರಷ್ಷಿನಿಂದ ಉಜ್ಜಿ. ತೊಳೆಯಲೇಬೇಕಾದರೆ ಮೊಟ್ಟೆಗಿಂತ ಬೆಚ್ಚಗಿರುವ, ಸುಮಾರು 40 ಡಿಗ್ರಿಯ ನೀರಿನಲ್ಲಿ ಬೇಗನೆ ತೊಳೆದು ಒಣಗಿಸಿ. ತಣ್ಣೀರಿನಲ್ಲಿ ತೊಳೆದರೆ ಒಳಗಿನ ವಸ್ತು ಕುಗ್ಗಿ, ಚಿಪ್ಪಿನ ಮೇಲಿನ ಕೊಳೆ ರಂಧ್ರದ ಮೂಲಕ ಒಳಕ್ಕೆ ಎಳೆದುಕೊಳ್ಳುತ್ತದೆ.

ಏಳನೇ ದಿನ, ಕೋಳಿ ಮೊಟ್ಟೆ ಸೇರಿಸುವ ಮುನ್ನ, ಬಾತು ಮೊಟ್ಟೆಗಳನ್ನು ಕತ್ತಲೆ ಕೋಣೆಯಲ್ಲಿ ಟಾರ್ಚಿಗೆ ಹಿಡಿದು ನೋಡಿ. ಬಿಳಿ ಅಥವಾ ತಿಳಿಹಸಿರು ಚಿಪ್ಪಿನ ಬಾತು ಮೊಟ್ಟೆ ಒಳಗನ್ನು ಬಹಳ ಚೆನ್ನಾಗಿ ತೋರಿಸುತ್ತದೆ. ಜೀವವಿದ್ದರೆ ಕೆಂಪು ನರಗಳು ಜೇಡನ ಕಾಲುಗಳಂತೆ ಒಂದು ಕಪ್ಪು ಚುಕ್ಕೆಯಿಂದ ಚಾಚಿರುತ್ತವೆ. ಆ ಚುಕ್ಕೆ ಭ್ರೂಣದ ಕಣ್ಣು. ಸ್ವಲ್ಪ ಹೊತ್ತು ಅಲುಗಿಸದೆ ಹಿಡಿದರೆ ಅದು ತೂಗಾಡುವುದೂ ಕಾಣುತ್ತದೆ. ನರಗಳಿಲ್ಲದೆ ಹಳದಿ ನೆರಳು ಮಾತ್ರ ಇದ್ದರೆ ಗೊಡ್ಡು ಮೊಟ್ಟೆ. ನರಗಳು ಕಳಚಿ ಒಳಗೆ ಒಂದು ಕೆಂಪು ಬಳೆ ಮಾತ್ರ ಉಳಿದಿದ್ದರೆ ಭ್ರೂಣ ಸತ್ತಿದೆ. ಎರಡನ್ನೂ ಹೊರಗೆ ಹಾಕಿ, ಆ ಜಾಗಕ್ಕೆ ಕೋಳಿ ಮೊಟ್ಟೆ ಬರಲಿ. 14ನೇ ದಿನ ಇನ್ನೊಮ್ಮೆ ನೋಡಿ. ನಡುವೆ ಯಾವಾಗಲಾದರೂ ಚಿಪ್ಪಿನ ಮೇಲೆ ಕಂದು ಹನಿ ಒಸರಿದ್ದು ಕಂಡರೆ, ಅಥವಾ ಮುಚ್ಚಳ ತೆರೆದಾಗ ದುರ್ವಾಸನೆ ಬಂದರೆ, ಅನುಮಾನದ ಮೊಟ್ಟೆಯನ್ನು ಅಲುಗಿಸದೆ ಬಟ್ಟೆಯಲ್ಲಿ ಸುತ್ತಿ ಹೊರಗೆ ಒಯ್ಯಿರಿ.

ಕೋಳಿ ಮೊಟ್ಟೆಗಳನ್ನು ಶೇಖರಿಸಿಟ್ಟ ತಂಪು ಜಾಗದಿಂದ ನೇರವಾಗಿ ಪೆಟ್ಟಿಗೆಗೆ ಹಾಕಿದರೆ ಚಿಪ್ಪಿನ ಮೇಲೆ ನೀರು ಕಟ್ಟುತ್ತದೆ. ಕೆಲವು ಗಂಟೆ ಕೋಣೆಯ ಶಾಖದಲ್ಲಿ ಇರಿಸಿ ಆಮೇಲೆ ಇಡಿ. ಆದರೂ ಪೆಟ್ಟಿಗೆಯ ಶಾಖ ಇಳಿಯುತ್ತದೆ. ಗುಂಡಿ ತಿರುಗಿಸಿ ಏರಿಸಲು ಹೋಗಬೇಡಿ, ಕೆಲವು ಗಂಟೆಗಳಲ್ಲಿ ತಾನೇ ಸರಿಹೋಗುತ್ತದೆ. ಆ ಗಳಿಗೆಯಲ್ಲಿ ಏರಿಸಿ ಮರೆತರೆ ರಾತ್ರಿ 40 ಡಿಗ್ರಿ ಮುಟ್ಟಬಹುದು. ಮೊಟ್ಟೆಗಳು ತಣ್ಣಗಾಗುವುದನ್ನು ಎಷ್ಟೋ ಸಹಿಸಿಕೊಳ್ಳುತ್ತವೆ, ಅತಿ ಬಿಸಿಯನ್ನು ಸಹಿಸುವುದಿಲ್ಲ. ವಿದ್ಯುತ್ ಹೋದಾಗಲೂ ಇದೇ ನೆನಪಿರಲಿ: ಮುಚ್ಚಳ ತೆರೆಯದೆ ಮೇಲೊಂದು ಕಂಬಳಿ ಹೊದಿಸಿ, ಗಾಳಿಯ ರಂಧ್ರ ಮುಚ್ಚದಂತೆ ನೋಡಿಕೊಂಡರೆ ಒಂದೆರಡು ಗಂಟೆಗೆ ಏನೂ ಆಗುವುದಿಲ್ಲ.

ನಿಮ್ಮ ಪೆಟ್ಟಿಗೆಗೆ ಫ್ಯಾನ್ ಇದೆಯೋ ಇಲ್ಲವೋ ನೀವು ಬರೆದಿಲ್ಲ. ಇಲ್ಲದಿದ್ದರೆ ಮೇಲಿನ ಗಾಳಿ ಬಿಸಿ, ಕೆಳಗಿನದು ತಂಪು. ಮೊಟ್ಟೆಯ ನೆತ್ತಿಯ ಮಟ್ಟದಲ್ಲಿ 38.5 ಡಿಗ್ರಿ ಸುಮಾರು ಇರಬೇಕು. ಬಾತು ಮೊಟ್ಟೆ ದಪ್ಪವಿರುವುದರಿಂದ ಅದರ ನೆತ್ತಿ ಹೀಟರಿಗೆ ಹತ್ತಿರವಾಗುತ್ತದೆ. ಕೋಳಿ ಮೊಟ್ಟೆಗಳ ಕೆಳಗೆ ತೆಳುವಾದ ಜಾಲರಿ ಹಾಕಿ ಎರಡರ ನೆತ್ತಿಯನ್ನೂ ಒಂದೇ ಮಟ್ಟಕ್ಕೆ ತನ್ನಿ. ಹೊರಳಿಸುವ ಯಂತ್ರದ ಗುಳಿಗಳು ಕೋಳಿ ಮೊಟ್ಟೆಯ ಅಳತೆಗೆ ಇದ್ದರೆ ಬಾತು ಮೊಟ್ಟೆಯನ್ನು ಅದರಲ್ಲಿ ತುರುಕಬೇಡಿ. ಅಡ್ಡ ಮಲಗಿಸಿ, ಕೈಯಿಂದ ದಿನಕ್ಕೆ ಮೂರು ಅಥವಾ ಐದು ಬಾರಿ ಹೊರಳಿಸಿ. ಬೆಸ ಸಂಖ್ಯೆ ಏಕೆಂದರೆ ದೀರ್ಘವಾದ ರಾತ್ರಿಯ ಅವಧಿಯಲ್ಲಿ ಮೊಟ್ಟೆ ಪ್ರತಿ ದಿನ ಒಂದೇ ಮಗ್ಗುಲಲ್ಲಿ ಉಳಿಯುವುದಿಲ್ಲ.

ಕೊನೆಯ ಮೂರು ದಿನಗಳಲ್ಲಿ ಒಂದು ಇಕ್ಕಟ್ಟು ಇದೆ, ಅದನ್ನು ಮೊದಲೇ ತಿಳಿದಿರಬೇಕು. ಕೋಳಿ ಮರಿ ಚಿಪ್ಪಿನಲ್ಲಿ ಮೊದಲ ತೂತು ಮಾಡಿದ ಮೇಲೆ ಸಾಮಾನ್ಯವಾಗಿ 12ರಿಂದ 24 ಗಂಟೆಗಳಲ್ಲಿ ಹೊರಬರುತ್ತದೆ. ಬಾತು ಮರಿ ಅದೇ ಕೆಲಸಕ್ಕೆ 24ರಿಂದ 48 ಗಂಟೆ ತೆಗೆದುಕೊಳ್ಳುತ್ತದೆ. ಒಂದೇ ದಿನ ತೂತು ಬಿದ್ದರೂ ಕೋಳಿ ಮರಿಗಳು ಒಣಗಿ ಓಡಾಡುವಾಗ ಬಾತು ಮರಿ ಇನ್ನೂ ಚಿಪ್ಪಿನೊಳಗೇ ಇರುತ್ತದೆ. ಕೋಳಿ ಮರಿಗಳು ಆ ಮೊಟ್ಟೆಗಳನ್ನು ತುಳಿದು ಉರುಳಿಸುತ್ತವೆ, ತೂತು ಕೆಳಮಗ್ಗುಲಾಗುತ್ತದೆ. ನೀವು ಕೋಳಿ ಮರಿಗಳನ್ನು ತೆಗೆಯಲು ಮುಚ್ಚಳ ತೆರೆದರೆ ತೇವವೆಲ್ಲ ಹಾರಿಹೋಗಿ ಬಾತು ಮರಿಯ ಪೊರೆ ಒಣಗುತ್ತದೆ. ಇದಕ್ಕೆ ನಾನು ಎರಡು ಉಪಾಯ ಹೇಳುತ್ತೇನೆ. ಮೊದಲನೆಯದು, ಬಾತು ಮೊಟ್ಟೆಗಳನ್ನು ಬೆಳಿಗ್ಗೆ ಇಡಿ, ಏಳು ದಿನಗಳ ನಂತರ ಕೋಳಿ ಮೊಟ್ಟೆಗಳನ್ನು ಸಂಜೆ ಇಡಿ. ಈ ಅರ್ಧ ದಿನದ ಮುನ್ನಡೆ ಬಾತಿಗೆ ಉಪಕಾರವಾಗುತ್ತದೆ. ಎರಡನೆಯದು, ಮುಚ್ಚಳ ಭದ್ರಮಾಡುವ ದಿನವೇ ತಟ್ಟೆಯ ನಡುವೆ ಜಾಲರಿಯ ಅಡ್ಡಗೋಡೆ ನಿಲ್ಲಿಸಿ, ಒಂದು ಕಡೆ ಕೋಳಿ, ಇನ್ನೊಂದು ಕಡೆ ಬಾತು ಇರಲಿ.

ಹೊರಬಂದ ಕೋಳಿ ಮರಿಗಳನ್ನು ತಕ್ಷಣ ತೆಗೆಯುವ ಆತುರ ಬೇಡ. ಒಡೆಯುವ ಮುನ್ನ ಮರಿ ಹಳದಿ ಭಂಡಾರವನ್ನು ಹೊಟ್ಟೆಯೊಳಗೆ ಎಳೆದುಕೊಂಡಿರುತ್ತದೆ, ಮೊದಲ 24 ಗಂಟೆ ನೀರು, ಮೇವು ಇಲ್ಲದೆ ಇರಲು ಅದು ಧಾರಾಳ. ತೆಗೆಯಲೇಬೇಕಾದಾಗ ಒಂದೇ ಸಲಕ್ಕೆ, ಕೋಣೆಯ ಫ್ಯಾನ್ ನಿಲ್ಲಿಸಿ, ಒದ್ದೆ ಬಟ್ಟೆಯೊಂದನ್ನು ಬಾತು ಮೊಟ್ಟೆಗಳ ಪಕ್ಕದಲ್ಲಿಟ್ಟು ಬೇಗ ಮುಗಿಸಿ. ಮರಿಗಳು ಒಡೆಯುವಾಗ ಆಮ್ಲಜನಕ ಹೆಚ್ಚು ಬೇಕು. ತೇವ ಉಳಿಸುವ ಆಸೆಗೆ ಗಾಳಿಯ ರಂಧ್ರಗಳನ್ನು ಮುಚ್ಚಬೇಡಿ.

ತೂತು ಮಾಡಿ ಹಲವು ಗಂಟೆ ಸುಮ್ಮನಿರುವ ಬಾತು ಮರಿಯನ್ನು ಕಂಡು ಕೈ ತುರಿಸುತ್ತದೆ, ನನಗೆ ಗೊತ್ತು. ಆದರೂ ಚಿಪ್ಪು ಬಿಡಿಸಬೇಡಿ. ಆ ಮೌನದ ಹೊತ್ತಿನಲ್ಲಿ ಒಳಪೊರೆಯ ನರಗಳಿಂದ ರಕ್ತ ಮರಿಯ ಮೈಗೆ ಹಿಂತಿರುಗುತ್ತಿರುತ್ತದೆ, ಹಳದಿ ಒಳಕ್ಕೆ ಸೇರುತ್ತಿರುತ್ತದೆ. ಅದು ಮುಗಿಯುವ ಮೊದಲು ಪೊರೆ ಹರಿದರೆ ಮರಿ ರಕ್ತ ಸುರಿಸಿ ಸಾಯುತ್ತದೆ. ಕೋಳಿಗೆ 23, ಬಾತಿಗೆ 30 ದಿನ ಆಗುವವರೆಗೆ ಒಡೆಯದ ಮೊಟ್ಟೆಗಳನ್ನು ಎಸೆಯಬೇಡಿ. ಪೆಟ್ಟಿಗೆಯ ಶಾಖ ಅರ್ಧ ಡಿಗ್ರಿ ಕಡಿಮೆಯಿದ್ದರೂ ತಡವಾಗುತ್ತದೆ.

ನೀವು ಈ ಉತ್ತರ ಓದುವ ಹೊತ್ತಿಗೆ ಎರಡನ್ನೂ ಒಂದೇ ದಿನ ಇಟ್ಟುಬಿಟ್ಟಿದ್ದರೆ, ಇರುವ ದಾರಿ ಇನ್ನೊಂದು ಪೆಟ್ಟಿಗೆ. 18ನೇ ದಿನ ಕೋಳಿ ಮೊಟ್ಟೆಗಳನ್ನು ಅದಕ್ಕೆ ಸಾಗಿಸಿ. ಮೂರು ದಿನ ಶಾಖ, ತೇವ ಕಾಯ್ದುಕೊಂಡರೆ ಸಾಕು, ಹೊರಳಿಸುವ ವ್ಯವಸ್ಥೆ ಬೇಡ. ಥರ್ಮಾಕೋಲ್ ಪೆಟ್ಟಿಗೆ, ಬಲ್ಬು, ಥರ್ಮೋಸ್ಟಾಟ್, ನೀರಿನ ತಟ್ಟೆ ಸೇರಿಸಿ ಮನೆಯಲ್ಲೇ ಮಾಡಿಕೊಳ್ಳಬಹುದು. ಕಾವಿಗೆ ಕೂತ ಕೋಳಿ ಸಿಕ್ಕರೆ ಇನ್ನೂ ಒಳ್ಳೆಯದು.

ಇನ್ನು ಒಟ್ಟಿಗೆ ಸಾಕುವ ಮಾತು. ಮೊದಲ ಒಂದೆರಡು ದಿನ ಪರವಾಗಿಲ್ಲ, ಆಮೇಲೆ ಬೇರೆ ಮಾಡಿ. ಬಾತು ಮರಿ ಕುಡಿಯುವ ನೀರಿನಲ್ಲಿ ತಲೆ ಅದ್ದುತ್ತದೆ, ಚೆಲ್ಲುತ್ತದೆ, ಹಾಸನ್ನು ಕೆಸರು ಮಾಡುತ್ತದೆ. ಒದ್ದೆಯಾದ ಕೋಳಿ ಮರಿ ಚಳಿ ಹಿಡಿದು ಸಾಯುತ್ತದೆ, ಒದ್ದೆ ಹಾಸಿನಲ್ಲಿ ರಕ್ತಭೇದಿ ತರುವ ಕಾಕ್ಸಿಡಿಯಾ ಬೆಳೆಯುತ್ತದೆ. ಕೋಳಿ ಮರಿಗೆ ಮೊದಲ ವಾರ 33ರಿಂದ 35 ಡಿಗ್ರಿ ಬೆಚ್ಚಗೆ ಬೇಕು, ಬಾತು ಮರಿಗೆ ಅದಕ್ಕಿಂತ ಸ್ವಲ್ಪ ಕಡಿಮೆ ಸಾಕು. ಮೇವಿನಲ್ಲೂ ಒಂದು ಅಂತರವಿದೆ: ಬಾತು ಮರಿಗೆ ನಿಯಾಸಿನ್ ಎಂಬ ಬಿ ಗುಂಪಿನ ವಿಟಮಿನ್ ಹೆಚ್ಚು ಬೇಕು, ಪ್ರತಿ ಕಿಲೋ ಮೇವಿಗೆ ಸುಮಾರು 55 ಮಿಲಿಗ್ರಾಂ. ಬರೀ ಕೋಳಿ ಮರಿಯ ಮೇವು ತಿಂದು ಬೆಳೆದ ಬಾತು ಮರಿಗಳ ಕಾಲು ಬಾಗಿ, ಕೀಲು ಊದಿ ನಡೆಯಲಾಗದೆ ಕೂರುವುದುಂಟು. ಮೇವಿಗೆ ಬ್ರೂವರ್ಸ್ ಯೀಸ್ಟ್ ಬೆರೆಸಿ ಕೊಡಿ. ಎಲ್ಲಕ್ಕಿಂತ ಮುಖ್ಯವಾಗಿ, ಮೇವಿನ ಚೀಲವನ್ನು ಪ್ರತಿ ಸಲ ಮೂಸಿ ನೋಡಿ. ಬೂಷ್ಟು ಹಿಡಿದ ಧಾನ್ಯದಲ್ಲಿರುವ ಅಫ್ಲಾಟಾಕ್ಸಿನ್ ವಿಷಕ್ಕೆ ಬಾತು ಮರಿಗಳು ಕೋಳಿ ಮರಿಗಳಿಗಿಂತ ಬಹಳ ಬೇಗ ಬಲಿಯಾಗುತ್ತವೆ. ಮುಗ್ಗು ವಾಸನೆ ಬಂದರೆ ಚೀಲವನ್ನೇ ಬಿಸಾಡಿ, ಒಣಗಿಸಿ ತಿನ್ನಿಸುವ ಪ್ರಯತ್ನ ಮಾಡಬೇಡಿ.